ಒಂದೇ ದಿಕ್ಕಿಗೆ ಸುತ್ತಿದ ತಂತಿ

ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಎಣಿಕೆ ನಡೆಯುವಾಗ ಯಾರೂ ಮಾತಾಡುವಂತಿರಲಿಲ್ಲ. ಎಣಿಸುವವನು ಅಪ್ಪ. ಸುಟ್ಟುಹೋದ ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿಗಳ ಮೋಟರುಗಳಿಂದ ಕರಿದಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬೀದಿಗೆ ಮುಖಮಾಡಿದ ಕೋಣೆಯೇ ಅಂಗಡಿ. ಮರದ ಅಚ್ಚೊಂದನ್ನು ಕೈಹಿಡಿಗೆ ಸಿಕ್ಕಿಸಿ ತಿರುಗಿಸುತ್ತ, ಒಂದೊಂದು ಸುತ್ತಿಗೂ ತುಟಿ ಅಲ್ಲಾಡಿಸುತ್ತ ಅವನು ನೂರು ದಾಟಿ ಹೋಗುತ್ತಿದ್ದ. ನಡುವೆ ಯಾರಾದರೂ ಉಪ್ಪೆಲ್ಲಿದೆ ಎಂದು ಕೇಳಿದರೂ ಸಾಕು, ಲೆಕ್ಕ ತಪ್ಪಿ, ಸುತ್ತಿದ್ದೆಲ್ಲ ಬಿಚ್ಚಿ, ಮತ್ತೆ ಒಂದರಿಂದ ಶುರು. ಹಾಗಾಗಿ ಅಮ್ಮ ಮತ್ತು ಅಜ್ಜಿಯ ಜಗಳಗಳು ಆ ಹೊತ್ತಿನಲ್ಲಿ ಮೂಕವಾಗಿ ನಡೆಯುತ್ತಿದ್ದವು. ಅಜ್ಜಿ ಅಪ್ಪನ ತಾಯಿ. ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿಯೊಂದಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಿದ್ದಳು. ಮುದ್ದೆ ಗಟ್ಟಿಯಾಯಿತು ಎಂದು ಹೇಳಲು ಅದನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸುತ್ತಿದ್ದಳು. ಅಮ್ಮ ಸೌಟನ್ನು ಸದ್ದೇ ಆಗದಂತೆ, ಆದರೆ ಇಡೀ ಬೆನ್ನಿನಲ್ಲಿ ಸಿಟ್ಟು ಕಾಣುವಂತೆ, ಸಾರಿನ ಪಾತ್ರೆಗೆ ಇಳಿಸುತ್ತಿದ್ದಳು. ಅಪ್ಪ 'ಮುಗೀತು' ಅಂದ ಕೂಡಲೇ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಅಷ್ಟರಲ್ಲಿ ಅರ್ಧ ಜಗಳ ಮರೆತುಹೋಗಿರುತ್ತಿತ್ತು.

ಮನೆ ಎಂದರೆ ಅಂಗಡಿ ಸೇರಿ ಮೂರು ಕೋಣೆ, ಹಿಂದೆ ತೆಂಗಿನ ಗರಿಯ ಮಾಡಿನ ಬಚ್ಚಲು. ವಾರ್ನಿಷ್‌ನಲ್ಲಿ ಅದ್ದಿದ ಸುರುಳಿಗಳು ಬಟ್ಟೆ ಒಣಹಾಕುವ ಹಗ್ಗದ ಮೇಲೆ, ನನ್ನ ಸ್ಕೂಲಿನ ಲಂಗದ ಪಕ್ಕ ತೂಗುತ್ತಿದ್ದವು. ನಾನು ತರಗತಿಗೆ ಹೋದರೆ ಮೋಟರಿನ ವಾಸನೆ. ನಡುಕೋಣೆಯಲ್ಲಿ ಒಂದು ಗೋಡೆಯಿತ್ತು. ಅದರ ವಿಷಯ ಹೇಗೆ ಹೇಳುವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಪ್ಪ ಆ ಗೋಡೆಗೆ ಹೊಡೆದ ಸ್ವಿಚ್‌ಬೋರ್ಡಿನ ಹಲಗೆಗಳ ಮೇಲೆ ಭಾನುವಾರದ ಮಧ್ಯಾಹ್ನಗಳಲ್ಲಿ ಏನೇನನ್ನೋ ಅಂಟಿಸುತ್ತಿದ್ದ: ಸುಟ್ಟ ತಂತಿಯ ಉಂಡೆ, ಮೋಟರಿನೊಳಗೆ ಇಡುವ ಹಳದಿ ಕಾಗದ, ಒಡೆದ ಬಳೆ, ಕೊಬ್ಬರಿ ಒಡೆದ ಮೇಲೆ ಉಳಿದ ಕರಟದ ಚೂರು, ಅಜ್ಜಿ ಬಿಸಾಡಿದ ಹುಣಸೆಬೀಜ. ಅದು ದೇವರ ಚಿತ್ರವಲ್ಲ, ಊರಿನ ಚಿತ್ರವೂ ಅಲ್ಲ. ಕೆಲವೊಮ್ಮೆ ಸಂಜೆಯ ಬಿಸಿಲು ಅಡ್ಡವಾಗಿ ಬಿದ್ದಾಗ ಅದು ಸುಟ್ಟ ಹೊಲದ ಹಾಗೆ ಕಾಣುತ್ತಿತ್ತು. ಮರುದಿನ ನೋಡಿದರೆ ಬರೀ ತಂತಿ. ಮನೆಗೆ ಬಂದವರು 'ಇದೇನು ಸಾರ್' ಎಂದರೆ ಅಪ್ಪ 'ಟೈಮ್‌ಪಾಸು' ಅನ್ನುತ್ತಿದ್ದ. ಹೀಗೆ ಹಲವು ವಸ್ತು ಕೂಡಿಸಿ ಮಾಡುವ ಕಲೆಗೆ ಮಿಕ್ಸೆಡ್ ಮೀಡಿಯಾ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಐವತ್ತರ ಹತ್ತಿರ ಬಂದಮೇಲೆ, ತುಮಕೂರಿನ ಮರಳೂರಿನಲ್ಲಿ, ಒಂದು ಮಹಡಿಕೋಣೆಯ, ಒಡವೆ ಮಾಡಲು ಕಲಿಸುವ ವಾರಾಂತ್ಯದ ಕ್ಲಾಸಿನಲ್ಲಿ, ನನ್ನ ಮಗಳ ವಯಸ್ಸಿನ ಟೀಚರ್ ಹೇಳಿದಾಗ. ಈಗ ವಸಂತನರಸಾಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ವಾರಕ್ಕೆ ಆರು ದಿನ ದುಡಿದು, ಏಳನೆಯ ದಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೂ ತಂತಿ ಬಗ್ಗಿಸುತ್ತೇನೆ, ಕರಟ ಉಜ್ಜುತ್ತೇನೆ. ನಾನು ಮಾಡುವ ಕಿವಿಯೋಲೆಗಳು ಜೋಡಿಯಾಗಿರುವುದಿಲ್ಲ. ಅದಕ್ಕೆ ಮುಂದೆ ಹೇಳುವ ಮದುವೆಯೇ ಕಾರಣ ಎಂದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅಷ್ಟು ಚೆನ್ನಾಗಿ ಹೊಂದುವುದರಿಂದಲೇ ನನಗೆ ಅನುಮಾನ.

ಅಮ್ಮನ ಎಡಗಿವಿ ಹರಿದಿತ್ತು. ಹರಿದವಳು ನಾನು. ಎಂಟು ತಿಂಗಳ ಕೂಸಾಗಿದ್ದಾಗ ಅವಳ ಓಲೆಗೆ ಕೈಹಾಕಿ ಜಗ್ಗಿದೆನಂತೆ. ಅಜ್ಜಿ ಇದನ್ನು ಮನೆಗೆ ಬಂದ ಪ್ರತಿಯೊಬ್ಬರಿಗೂ ಕಾಫಿಯ ಜೊತೆ ಹೇಳುತ್ತಿದ್ದಳು: 'ನಮ್ ಚೂಟಿ ಹಲ್ ಬರೋಕ್ ಮುಂಚೆನೇ ಅವ್ರಮ್ಮನ ಕಿವಿ ಕಿತ್ತೌಳೆ.' ಅಪ್ಪನ ಪ್ರಕಾರ ತಪ್ಪು ಓಲೆಯ ತಿರುಪು ಮಾಡಿದವನದು. ಅಮ್ಮ ಕೇಳಿದಾಗೆಲ್ಲ ಬೇರೆ ಬೇರೆ ಹೇಳುತ್ತಿದ್ದಳು. ಒಂದು ಸಲ, ಓಲೆಯ ತೂಕಕ್ಕೆ ಕಿವಿ ಆಗಲೇ ಎಳೆದು ದಾರದಷ್ಟಾಗಿತ್ತು ಎಂದಳು. ಇನ್ನೊಂದು ಸಲ, ನಿನ್ನ ಕೈಯಲ್ಲ ಬಿಡು, ಬಾಗಿಲ ಚಿಲಕ ಎಂದಳು. ನನಗೆ ಅದು ನೆನಪಿರಲು ಸಾಧ್ಯವೇ ಇಲ್ಲ. ಆದರೂ ಬೆರಳುಗಳ ನಡುವೆ ಏನೋ ಬಿಸಿಯಾದದ್ದು ಸಡಿಲವಾದ ಅನುಭವ ನನಗಿದೆ, ಮತ್ತು ಅದನ್ನು ನಾನು ನಂಬುವುದಿಲ್ಲ. ತುಮಕೂರಿನಲ್ಲಿ ಹೊಲಿಸಿದ್ದರು, ಮತ್ತೆ ಹರಿಯಿತು. ಆಮೇಲೆ ಅವಳು ಓಲೆಗಳನ್ನು ಡಬ್ಬಿಗೆ ಹಾಕಿದಳು, ಸೆರಗನ್ನು ತಲೆಯ ಎಡಗಡೆಯಿಂದ ಇಳಿಸಿ ಅದರ ಅಂಚನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿತಳು. ಮಾತಾಡುವಾಗ, ನಗುವಾಗ, ಬಸ್ಸಿನಲ್ಲಿ ನಿಂತಾಗ, ಆ ಕೈ ಅಲ್ಲೇ. ಮದುವೆಗಳಿಗೆ ಹೋದರೆ ಉಗ್ರಾಣದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಹರಿದ ಕಿವಿಯವಳು ಮುಂದೆ ಬಂದು ನಿಲ್ಲಬಾರದೆಂದು ಅವಳಿಗೆ ಯಾರೋ ಒಮ್ಮೆ ಅಂದಿದ್ದರಂತೆ. ಯಾರು ಎಂದು ಅವಳು ಕೊನೆಯವರೆಗೂ ಹೇಳಲಿಲ್ಲ.

ನನಗೆ ಹನ್ನೊಂದು ಇದ್ದಿರಬೇಕು. ಕುಣಿಗಲ್ಲಿನಿಂದ ದೊಡ್ಡಮ್ಮ, ಅಮ್ಮನ ಅಕ್ಕ, ಮಗಳ ಮದುವೆಗೆ ಕರೆಯಲು ಬಂದಳು. ಆ ಮಗಳು ಗಿರಿಜಕ್ಕ, ಹೈಸ್ಕೂಲಿಗೆಂದು ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದವಳು. ಅವಳ ತಲೆ ಬಾಚಿ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕ ಮಲಗಿದ್ದು ಅಮ್ಮ. ದೊಡ್ಡಮ್ಮ ಬಂದಾಗ ಅಂಗಡಿಯಲ್ಲಿ ಎಣಿಕೆ ನಡೆಯುತ್ತಿತ್ತು. ಅವಳಿಗೆ ನಮ್ಮ ಮನೆಯ ಕಟ್ಟಳೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಲೆಕ್ಕಿಸಲಿಲ್ಲ.

'ನೋಡೇ, ಧಾರೆ ಆದ್ಮೇಲೆ ಆರತಿ ನೀನೇ ಎತ್ಬೇಕು. ನಮ್ ಕಡೆಯಿಂದ ನೀನು, ಗಂಡಿನ ಕಡೆಯಿಂದ ಅವ್ರ ಅತ್ತೆ.'

ಅಮ್ಮ ತುಟಿಯ ಮೇಲೆ ಬೆರಳಿಟ್ಟು ಅಂಗಡಿಯ ಕಡೆ ತೋರಿಸಿದಳು.

'ಏನ್ ಸುಮ್ನಿರು ಅಂತೀಯಾ? ಇಲ್ಲ ಅನ್ಬೇಡ. ಗಿರಿಜ ಹೇಳ್ಬಿಟ್ಟೌಳೆ, ಚಿಕ್ಕಮ್ಮ ಎತ್ತದಿದ್ರೆ ಆರತೀನೇ ಬೇಡ ಅಂತ. ಹಸೆಮಣೆ ಮೇಲೆ ಕೂತ್ಕೊಂಡು ಹಠ ಮಾಡಿದ್ರೆ ನಾನೇನ್ ಮಾಡ್ಲಿ?'

ಅಮ್ಮ ಕೊನೆಗೆ ಪಿಸುಗುಟ್ಟಿದಳು.

'ಅಕ್ಕ, ಆ ತಟ್ಟೆ ಎರಡು ಕೈಲಿ ಹಿಡೀಬೇಕು.'

ಅಷ್ಟೇ ಅಂದದ್ದು. ದೊಡ್ಡಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಮದುವೆಯ ಆರತಿ ತಟ್ಟೆ ದೊಡ್ಡ ಕಂಚಿನದು. ಕೆಂಪು ನೀರು ತುಂಬಿ, ನಡುವೆ ದೀಪವಿಟ್ಟು, ಎರಡು ಬದಿಯಿಂದ ಇಬ್ಬರು ಹೆಂಗಸರು ಹಿಡಿದು ತಿರುಗಿಸುತ್ತಾರೆ. ಸೆರಗು ಹಿಡಿಯಲು ಕೈ ಮಿಗುವುದಿಲ್ಲ. ಅಂಗಡಿಯಲ್ಲಿ ಅಚ್ಚು ತಿರುಗುವ ಸದ್ದು ನಿಂತಿತ್ತು. ನಾನು ಬಾಗಿಲಿನಿಂದ ನೋಡಿದೆ. ಅಪ್ಪನ ಕೈ ಹಿಡಿಯ ಮೇಲೆ ಹಾಗೇ ಇತ್ತು, ತುಟಿ ಅರ್ಧ ತೆರೆದಿತ್ತು, ಲೆಕ್ಕ ಹೋಗಿತ್ತು. ಅವನು ರೇಗಲಿಲ್ಲ, ಬಿಚ್ಚಲೂ ಇಲ್ಲ. ಎದ್ದು ಒಳಗೆ ಬಂದು, ದೊಡ್ಡಮ್ಮನಿಗೆ ನಮಸ್ಕಾರ ಹೇಳಿ, ಅಮ್ಮನ ತಲೆಯ ಎಡಗಡೆಯನ್ನೇ ನೋಡುತ್ತ ನಿಂತ.

'ಎತ್ತಾಳೆ ಬುಡಿ. ನಾನ್ ನೋಡ್ಕೋತೀನಿ,' ಅಂದ.

ಮರುದಿನ ಬೆಳಿಗ್ಗೆ ಅವನು ಅಮ್ಮನನ್ನು ಹಿತ್ತಲಿನಲ್ಲಿ, ತೂಗಾಡುವ ಸುರುಳಿಗಳ ಕೆಳಗೆ, ಸ್ಟೂಲಿನ ಮೇಲೆ ಕೂರಿಸಿದ. ಕೈಯಲ್ಲಿ ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜು. ಹಗಲು ಬೆಳಕಿನಲ್ಲಿ ಸೆರಗು ಸರಿಸಿದ ಅಮ್ಮನ ಕಿವಿಯನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಭಯಂಕರವಾಗಿರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಹಾಲೆ ಎರಡಾಗಿ, ಹಿದುಕಿದ ಅವರೆಕಾಳು ನಡುವೆ ಬಿರಿದಂತೆ, ಎರಡೂ ಅಂಚು ನಯವಾಗಿ ಮಾಗಿತ್ತು. ಬೆಳಕು ಅದರ ಮೂಲಕ ಕೆಂಪಗೆ ಹಾಯುತ್ತಿತ್ತು. ನನ್ನ ಕೈಯಿಂದ ಆದದ್ದು ಇಷ್ಟು ಅಚ್ಚುಕಟ್ಟಾಗಿ ಇರಬಹುದೆಂದು ನಾನು ಊಹಿಸಿರಲಿಲ್ಲ.

'ಕಚಗುಳಿ ಆಯ್ತದೆ ರೀ!'

'ಅಲ್ಲಾಡ್ಬೇಡ. ಒಂದು ನೂಲು ತಪ್ಪಿದ್ರೂ ಬೀಳ್ತದೆ.'

'ನಾನೇನು ಮೋಟ್ರಾ?'

'ಮೋಟ್ರಾಗಿದ್ರೆ ಇಷ್ಟೊತ್ತಿಗೆ ಬಿಚ್ಚಿಟ್ಟಿರ್ತಿದ್ದೆ.'

ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ, 'ಮದ್ವೆ ಆದ್ ಹೊಸದ್ರಲ್ಲಿ ಹಿಂಗ್ ಮುಟ್ಟಿ ಮಾತಾಡಿದ್ದು ಕಾಣೆ,' ಎಂದಳು. ಅಮ್ಮ ನಕ್ಕಳು. ಎಡಗೈ ಮೇಲೆದ್ದಿತು, ಹಿಡಿಯಲು ಸೆರಗು ಅಲ್ಲಿರಲಿಲ್ಲ, ಮತ್ತೆ ತೊಡೆಯ ಮೇಲೆ ಕೂತಿತು.

ಅಪ್ಪ ಹಲಸಿನ ಮರದ ತುಂಡಿನಲ್ಲಿ ಅಮ್ಮನ ಎಡಗಿವಿಯನ್ನು ಕೆತ್ತಿದ. ಅವನಿಗೆ ಏನು ಮಾಡಬೇಕಾದರೂ ಮೊದಲು ಅಚ್ಚು ಬೇಕು. ಎರಡು ವಾರ ಆ ಮರದ ಕಿವಿ ನಮ್ಮ ಮನೆಯಲ್ಲಿ ಎಲ್ಲೆಂದರಲ್ಲಿ ಇರುತ್ತಿತ್ತು, ಕಾಫಿ ಲೋಟದ ಪಕ್ಕ, ಕಿಟಕಿಯ ಮೇಲೆ, ನನ್ನ ಪುಸ್ತಕದ ಚೀಲದಲ್ಲಿ ಕೂಡ. ತಂತಿ ಕಿವಿಯ ಹಿಂದಿನಿಂದ ಹತ್ತಿ, ಮೇಲಿನ ಅಂಚನ್ನು ತಬ್ಬಿ, ಮುಂದಕ್ಕೆ ಇಳಿದು, ಹರಿದ ಹಾಲೆಯನ್ನು ಪೂರ್ತಿ ಮುಚ್ಚುವ ಒಂದು ಎಲೆಯಾಗಬೇಕಿತ್ತು. ತೂತು ಬೇಡ, ತಿರುಪು ಬೇಡ. ಫ್ಯಾನಿನ ತಂತಿ ತೀರಾ ಸಣ್ಣ, ಪಂಪ್‌ಸೆಟ್ಟಿನದು ದಪ್ಪ. ಒಂದನ್ನು ಇನ್ನೊಂದರ ಮೇಲೆ ಸುತ್ತಿದ. ಎಲೆಯ ತುದಿಗೆ ಕರಟದ ಹನಿ. ಅದನ್ನು ಅಜ್ಜಿ ಕೊಬ್ಬರಿ ಎಣ್ಣೆ ಹಾಕಿ ತನ್ನ ಹಳೆಯ ಸೀರೆಯ ಚೂರಿನಲ್ಲಿ ಮೂರು ದಿನ ಉಜ್ಜಿದಳು. ಅಮ್ಮನಿಗೆ ತಿಳಿಯಬಾರದೆಂದು ಉಜ್ಜುತ್ತಿದ್ದಳು, ಅಮ್ಮ ತಿಳಿಯದವಳಂತೆ ಓಡಾಡುತ್ತಿದ್ದಳು. ನನ್ನ ಕೆಲಸ, ಅಪ್ಪ ಸುತ್ತುವಾಗ ತಂತಿಯ ಉಂಡೆ ಹಿಡಿದು ಸಡಿಲವಾಗದಂತೆ ಬಿಡುವುದು. ಒಂದು ಕೆಂಪು ಗೆರೆ ಅವನ ಬೆರಳಿನಿಂದ ಹೊರಟು ಎಲೆಯಾಗುವುದನ್ನು ಅಷ್ಟು ಹತ್ತಿರದಿಂದ ನೋಡಿದೆ. ದೇವಸ್ಥಾನದಲ್ಲಿ ನನಗೆ ಮೈ ಜುಮ್ಮೆಂದದ್ದಿಲ್ಲ. ಅಲ್ಲಿ ಆಯಿತು. ಅಮ್ಮ ಅದನ್ನು ತೊಟ್ಟಾಗ ಅದು ತೊಟ್ಟ ಹಾಗೇ ಇರಲಿಲ್ಲ, ಕಿವಿಯೇ ಚಿಗುರಿದಂತಿತ್ತು. ಅವಳು ತಲೆ ಅಲ್ಲಾಡಿಸಿದಳು, ಬಗ್ಗಿದಳು, ಎರಡು ಕೈಯಲ್ಲಿ ರೊಟ್ಟಿಹಂಚು ಹಿಡಿದು ಆರತಿಯ ಹಾಗೆ ತಿರುಗಿಸಿದಳು. ಬೀಳಲಿಲ್ಲ.

'ಎತ್ತೀನಿ,' ಎಂದಳು. 'ಆದ್ರೆ ಜೋಡಿ ಬೇಕು. ಒಂಟಿ ಕಿವಿಗೆ ಹಾಕ್ಕೊಂಡು ಹೋದ್ರೆ, ಆ ಕಡೆ ಏನಾಗೈತೆ ಅಂತಾನೇ ಎಲ್ರೂ ನೋಡ್ತಾರೆ.'

ಜೋಡಿಯನ್ನು ಅಪ್ಪ, ನಾವು ಮದುವೆಗೆ ಹೊರಡುವ ಹಿಂದಿನ ಸಂಜೆ ಮುಗಿಸಿದ. ತೊಟ್ಟು ನೋಡುವ ಮಾತೇ ಬರಲಿಲ್ಲ. ಸುತ್ತುವವನ ನಂಬಿಕೆ ಅದು: ಒಂದು ಅಚ್ಚಿನ ಒಂದು ಸುರುಳಿ ಸರಿಯಾಗಿದ್ದರೆ ಎಲ್ಲವೂ ಸರಿ.

ಕುಣಿಗಲ್ಲಿನ ಛತ್ರದಲ್ಲಿ ಹೆಣ್ಣಿನ ಕಡೆಯವರಿಗೆ ಕೊಟ್ಟ ಕೋಣೆ ಹೂವು, ಪೌಡರು, ಇಸ್ತ್ರಿಯ ವಾಸನೆಯಿಂದ ತುಂಬಿತ್ತು. ಹೊರಗೆ ವಾಲಗ ಶುರುವಾಗಿತ್ತು. ಅಮ್ಮ ಎಡಗಿವಿಯದನ್ನು ತೊಟ್ಟಳು. ಬಲಗಿವಿಯದನ್ನು ತೆಗೆದು ಹಾಕಹೋದಳು. ಅದು ಕೂರಲಿಲ್ಲ. ಹಿಂದಿನಿಂದ ಹತ್ತಬೇಕಾದ ತಂತಿ ಮುಂದಿನಿಂದ ಕೆನ್ನೆಗೆ ಚುಚ್ಚಿತು, ಎಲೆ ಕಿವಿಗೆ ಬೆನ್ನು ತಿರುಗಿಸಿ ಗಾಳಿಯಲ್ಲಿ ನಿಂತಿತು. ಮೇಲೆ ಕೆಳಗೆ ಮಾಡಿದಳು, ತಿರುಗಿಸಿದಳು. ನಾನು ಇಸಿದುಕೊಂಡು ನೋಡಿದೆ. ಕಾಲು ಶತಮಾನ ತಂತಿ ಸುತ್ತಿದವನು ಅಪ್ಪ. ಒಂದೇ ಅಚ್ಚು, ಒಂದೇ ದಿಕ್ಕು, ಒಂದರಂತೆ ಇನ್ನೊಂದು. ಅವನು ಅಮ್ಮನಿಗೆ ಕೂದಲೆಳೆ ವ್ಯತ್ಯಾಸವಿಲ್ಲದ ಎರಡು ಎಡಗಿವಿಯ ಓಲೆ ಮಾಡಿಕೊಟ್ಟಿದ್ದ.

ಅಮ್ಮ ಎಡಗಿವಿಯದನ್ನೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಸೆರಗು ತಲೆಗೇರಿತು. ಕೈ ತನ್ನ ಜಾಗಕ್ಕೆ ಹೋಯಿತು.

'ಅಕ್ಕಂಗೆ ಹೇಳ್ಬುಡು ಚೂಟಿ. ಉಗ್ರಾಣದಲ್ಲಿ ಇರ್ತೀನಿ ಅಂತ.'

ಅಜ್ಜಿ ಬಾಗಿಲು ಓರೆ ಮಾಡಿ ಅಪ್ಪನನ್ನು ಕೂಗಿದಳು. ಹೆಂಗಸರು ಸೀರೆ ಉಡುತ್ತಿದ್ದ ಕೋಣೆ, ಅವನು ಒಳಗೆ ಬರುವಂತಿರಲಿಲ್ಲ.

'ಏನ್ಲಾ, ನಿನ್ ಹೆಂಡ್ತಿಗೆ ಎರಡೂ ಎಡಗಿವಿ ಅಂದ್ಕೊಂಡಿದ್ಯಾ?'

ಬಾಗಿಲಾಚೆಯಿಂದಲೇ ಅಪ್ಪ ನನ್ನ ಹೆಸರು ಹಿಡಿದು ಕರೆದ.

'ನೀನೇ ಮಾಡು. ಬಿಚ್ಚು ಅದನ್ನ. ಎಲೆ ಹಂಗೇ ಬುಡು, ಸುತ್ತಿರೋದು ಮಾತ್ರ ಬಿಚ್ಚು. ಅಮ್ಮನ ಬಲಗಿವೀನೇ ಅಚ್ಚು ಮಾಡ್ಕೊ. ಎಂಟು ಸುತ್ತು, ಎಡಕ್ಕೆ.'

'ಯಾವ ಎಡ ಅಪ್ಪ? ನಂದಾ, ಅಮ್ಮಂದಾ?'

'ಕಿವಿದು ಕಣೇ!'

'ಕಿವಿಗೂ ಎಡ ಬಲ ಬಂತಾ ಶಿವನೇ,' ಎಂದಳು ಅಜ್ಜಿ. ಕನ್ನಡಿಯ ಮುಂದಿದ್ದವರೆಲ್ಲ ನಕ್ಕರು. ಅಮ್ಮ ನಗಲಿಲ್ಲ.

'ನಾನ್ ಹೇಳೋದ್ ಬುಡು,' ಎಂದ ಅಪ್ಪ. ಅವನ ದನಿ ಬದಲಾಗಿತ್ತು. 'ನಾನ್ ಹೇಳಿದ್ರೆ ಮತ್ತೆ ಎಡಗಿವೀನೇ ಆಗೋದು. ಕಿವಿ ನೋಡ್ಕೊಂಡು ಮಾಡು.'

ನಾನು ಹತ್ತಿರ ಹೋದೆ. ಅಮ್ಮ ನನ್ನ ಕೈಗಳನ್ನು ನೋಡಿದಳು. ನನ್ನ ಕೈ ಅವಳ ಕಿವಿಯ ಹತ್ತಿರ ಬಂದರೆ ಅವಳು ಏನು ಯೋಚಿಸಬಹುದೆಂದು ನಾನು ಅಂದುಕೊಂಡೆನೋ ಅದನ್ನೇ ಅವಳು ಯೋಚಿಸಿದಳೋ ಇಲ್ಲವೋ, ಹೇಗೆ ಹೇಳಲಿ. ತಲೆಯನ್ನು ಎಡಕ್ಕೆ ವಾಲಿಸಿ ಬಲಗಿವಿ ಕೊಟ್ಟಳು. ಒಮ್ಮೆ ಸುತ್ತಿದ ತಾಮ್ರ ಬಿರುಸಾಗುತ್ತದೆ, ಬಿಚ್ಚಿದರೆ ಹಳೆಯ ಮಡಿಕೆಗಳನ್ನು ಬಿಡುವುದಿಲ್ಲ. ಹಟಮಾರಿಯಾಗಿ ಎಡಗಿವಿಯ ಕಡೆಗೇ ಬಾಗುತ್ತಿತ್ತು. ಉಗುರಿನಿಂದ ಒತ್ತಿ, ಹಲ್ಲಿನಿಂದ ಕಚ್ಚಿ ನೇರ ಮಾಡಿದೆ. ಕಿವಿಯ ಹಿಂದಿನ ಮೂಳೆಗೆ ತಂತಿ ತಾಗಿಸಿ ಮೊದಲ ಸುತ್ತು ಹಾಕಿ, ಅಭ್ಯಾಸಬಲದಿಂದ, ತುಟಿ ಅಲ್ಲಾಡಿಸಿ 'ಒಂದು' ಎಂದೆ.

ಕೋಣೆ ಮೂಕವಾಯಿತು. ಮೊದಲು ಅಜ್ಜಿ ಸುಮ್ಮನಾದಳು, ಉಳಿದವರಿಗೆ ಕೈಸನ್ನೆ ಮಾಡಿದಳು. ಪಿನ್ನು ಕಚ್ಚಿಕೊಂಡಿದ್ದ ಹೆಂಗಸರು ಪಿನ್ನು ಕಚ್ಚಿಕೊಂಡೇ ನಿಂತರು. ಎರಡು. ಮೂರು. ಗಾಬರಿಯಿಂದ ಒಳಬಂದ ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದಳು, ಅಮ್ಮ, ತಲೆ ಅಲ್ಲಾಡಿಸದೆ, ತುಟಿಯ ಮೇಲೆ ಬೆರಳಿಟ್ಟಳು. ಅಷ್ಟು ದೊಡ್ಡವರೆಲ್ಲ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರು. ಬಾಗಿಲಾಚೆ ಅಪ್ಪ ಉಸಿರಾಡುವುದು ಕೇಳುತ್ತಿತ್ತು. ನನ್ನ ಬೆರಳಿನ ಕೆಳಗೆ ಅಮ್ಮನ ಕಿವಿ ಬೆಚ್ಚಗಿತ್ತು, ಅದರೊಳಗೆ ಎಲ್ಲೋ ನಾಡಿ ಬಡಿಯುತ್ತಿತ್ತು, ತಂತಿ ಆ ಬಡಿತವನ್ನು ಹಿಡಿದು ಸಣ್ಣಗೆ ಅದುರುತ್ತಿತ್ತು. ಎಂಟು ಎಂದಾಗ ಓಲೆ ಕಿವಿಯಲ್ಲಿ ನಿಂತಿತು. ಸೊಟ್ಟಗಿತ್ತು. ಎಲೆ ಕೊಂಚ ಮುದುಡಿತ್ತು, ಅಪ್ಪನದರ ಪಕ್ಕದಲ್ಲಿ ಅದೊಂದು ಬೇರೆ ಮರದ ಎಲೆ. ಅಮ್ಮ ಕನ್ನಡಿ ನೋಡಲಿಲ್ಲ. ಎಡಗಿವಿಯದನ್ನು ಮತ್ತೆ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರನಡೆದಳು.

ಆ ಮದುವೆಯ ವಿಡಿಯೋ ದೊಡ್ಡಮ್ಮನ ಮನೆಯಲ್ಲಿ ಇನ್ನೂ ಇದೆ. ಅದರಲ್ಲಿ ಆರತಿ ಬರುವುದು ಕೆಲವೇ ಕ್ಷಣ, ಅದೂ ಗಂಡಿನ ಬೆನ್ನ ಹಿಂದಿನಿಂದ. ಅಮ್ಮನ ಮುಂಗೈಗಳು, ತಟ್ಟೆಯ ಅಂಚು, ದೀಪ. ಹಾಗಾಗಿ ಮುಂದಿನದಕ್ಕೆ ನನ್ನ ಕಣ್ಣು ಬಿಟ್ಟರೆ ಸಾಕ್ಷಿಯಿಲ್ಲ, ಮತ್ತು ನನ್ನ ಕಣ್ಣನ್ನು ನಾನು ಎಷ್ಟು ನಂಬುತ್ತೇನೆಂದು ಹೇಳಿಯಾಗಿದೆ. ಅಮ್ಮ ಎರಡು ಕೈಯಲ್ಲಿ ತಟ್ಟೆ ಹಿಡಿದಳು. ಎದುರಿಗೆ ಗಂಡಿನ ಅತ್ತೆ, ಗುರುತಿಲ್ಲದ ದಪ್ಪ ಹೆಂಗಸು, ಒಂದು ಮೊಳದ ದೂರದಿಂದ ನೇರ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮೊದಲ ಸುತ್ತಿನಲ್ಲಿ ದೀಪದ ಬೆಳಕು ಎಡಗಿವಿಗೆ ಬಂದು ತಾಮ್ರ ಹೊತ್ತಿಕೊಂಡಿತು. ಗಿರಿಜಕ್ಕ ಹಸೆಮಣೆಯಿಂದ ತಲೆಯೆತ್ತಿ ಅದನ್ನು ನೋಡಿದಳು, ಅಳಲು ಶುರುಮಾಡಿದಳು. ಎರಡನೆಯ ಸುತ್ತಿನಲ್ಲಿ ನನ್ನದು ಸಡಿಲವಾದದ್ದು ನನಗೆ ಕಂಡಿತು. ಎಲೆ ಜಾರಿತು, ಕಿವಿಯ ತುದಿಯಲ್ಲಿ ಒಮ್ಮೆ ತೂಗಿ, ಕೆಂಪು ನೀರಿಗೆ ಬಿತ್ತು. ವಾಲಗದ ನಡುವೆಯೂ ಆ ಸದ್ದು ಕೇಳಿಸಿತು ಎನಿಸುತ್ತದೆ. ಗಂಡಿನ ಅತ್ತೆಯ ಕೈ ನಿಂತಿತು. ತಟ್ಟೆ ವಾಲಿತು, ನೀರು ಅಂಚಿನವರೆಗೆ ಬಂತು. ಅಮ್ಮನ ಎಡಗೈ ತಟ್ಟೆಯಿಂದ ಅರ್ಧ ಬಿಟ್ಟಿತು. ಅದು ಎಲ್ಲಿಗೆ ಹೋಗಬೇಕೆಂದಿತ್ತು ಎಂದು ಆ ಛತ್ರದಲ್ಲಿ ನಮ್ಮವರಿಗೆ ಮಾತ್ರ ಗೊತ್ತಿತ್ತು. ಹೋಗಲಿಲ್ಲ. ತಟ್ಟೆಗೇ ಮರಳಿ ಬಿಗಿಯಾಯಿತು.

'ತಿರುಗ್ಸಿ ಅಕ್ಕ, ಇನ್ನೊಂದ್ ಸುತ್ತು ಐತೆ,' ಎಂದಳು ಅಮ್ಮ ಆ ಹೆಂಗಸಿಗೆ.

ಮೂರನೆಯ ಸುತ್ತು ಮುಗಿಯಿತು. ಆರತಿಯ ನೀರನ್ನು ಬಾಗಿಲಾಚೆ ಚೆಲ್ಲುವುದು ವಾಡಿಕೆ. ಅಮ್ಮ ತಟ್ಟೆಯನ್ನು ತಾನೊಬ್ಬಳೇ ಹೊತ್ತು, ಜನರ ನಡುವಿನಿಂದ, ಸೆರಗು ಸೊಂಟದಲ್ಲೇ ಇದ್ದಂತೆ ನಡೆದು ಹೋದಳು. ನಾನು ಹಿಂದೆ ಓಡಿದೆ. ಮೆಟ್ಟಿಲ ಮೇಲೆ ತಟ್ಟೆಯನ್ನು ಮಂಡಿಗೆ ಒರಗಿಸಿ, ನೀರಿನೊಳಗೆ ಬೆರಳಾಡಿಸಿ ನನ್ನ ಎಲೆಯನ್ನು ಹುಡುಕಿ ತೆಗೆದಳು. ಕೆಂಪು ತೊಟ್ಟಿಕ್ಕುತ್ತಿತ್ತು. ಬೆಳಕಿಗೆ ಹಿಡಿದು, ಅಪ್ಪ ಬೇರೆಯವರು ಸುತ್ತಿದ ಮೋಟರನ್ನು ನೋಡುವ ಹಾಗೆ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕನ್ನಡಿಯಿಲ್ಲದೆ, ಬೀದಿಗೆ ಮುಖ ಮಾಡಿ ನಿಂತು, ತಾನೇ ಅದನ್ನು ಕಿವಿಗೆ ಏರಿಸಿ ಒತ್ತಿಕೊಂಡಳು. ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಇಳಿಯಿತು.

'ಇನ್ನೊಂದು ಸುತ್ತು ಜಾಸ್ತಿ ಹಾಕ್ಬೇಕಿತ್ತು ಕಣೇ,' ಎಂದಳು.